ಹಳೆ ಬೈಕ್ ಬದಲಿಸುವ ಮುಂಚೆ ಟೆಸ್ಟ್ ರೈಡ್: ಮಂಗಳೂರು, ಉಡುಪಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಬೈಕಿನ ಮಾತು ಬಂದರೆ ನಮ್ಮ ಕಡೆ ಎಲ್ಲರೂ ಮೊದಲು ಕೇಳುವುದು ಮೈಲೇಜ್, ಆನ್‌ರೋಡ್ ರೇಟ್, ಡೌನ್‌ಪೇಮೆಂಟ್. ಓಡಿಸಿ ನೋಡುವ ವಿಷಯ ಕೊನೆಗೆ ಬರುತ್ತದೆ. ಅದೂ ಶೋರೂಮಿನ ಎದುರಿನ ಸರ್ವೀಸ್ ರಸ್ತೆಯಲ್ಲಿ ಹೋಗಿ, ಯೂ ಟರ್ನ್ ಹೊಡೆದು, ವಾಪಸ್ ಬರುವಷ್ಟು. ಮೊದಲ ಬೈಕ್ ತಗೊಳ್ಳುವ ಹುಡುಗನಿಗೆ ಅಷ್ಟು ಸಾಕೋ ಏನೋ. ವರ್ಷಗಟ್ಟಲೆ ಓಡಿಸಿದ ಗಾಡಿ ಕೊಟ್ಟು ಬೇರೆಯದು ತಗೊಳ್ಳುವವರಿಗೆ ಖಂಡಿತ ಸಾಲದು. ಹೊಸದು ಚೆನ್ನಾಗಿದೆಯಾ ಅನ್ನುವುದು ಅವರ ಪ್ರಶ್ನೆಯೇ ಅಲ್ಲ. ಹಳೆಯದರಲ್ಲಿ ಇದ್ದ ತೊಂದರೆ ಹೊಸದರಲ್ಲಿ ಹೋಗುತ್ತದಾ ಅನ್ನುವುದು ಪ್ರಶ್ನೆ.

ಶೋರೂಮಿಗೆ ಹೋಗುವ ಮುಂಚೆ ಏನು ಮಾಡಿಕೊಂಡಿರಬೇಕು?

ಒಂದು ವಾರ ನಿಮ್ಮ ಹಳೆ ಬೈಕನ್ನೇ ಗಮನ ಕೊಟ್ಟು ಓಡಿಸಿ. ಎಲ್ಲಿ ಕಿರಿಕಿರಿ ಆಗುತ್ತದೆ ಅಂತ ಮೊಬೈಲಿನಲ್ಲಿ ಬರೆದಿಡಿ. "ಪವರ್ ಸಾಲದು" ಅಂತ ಬರೆದರೆ ಪ್ರಯೋಜನ ಇಲ್ಲ. "ಇಬ್ಬರು ಕೂತು ಬೆಂದೂರ್‌ವೆಲ್ ಏರು ಹತ್ತುವಾಗ ಎರಡನೇ ಗೇರಿಗೆ ಇಳಿಸಬೇಕು", "ಮೂಲ್ಕಿ ದಾಟುವಷ್ಟರಲ್ಲಿ ಅಂಗೈ ಜುಮ್ ಅನ್ನುತ್ತದೆ", "ಮಳೆಗೆ ಹಿಂದಿನ ಬ್ರೇಕ್ ಹಿಡಿದದ್ದೇ ಗೊತ್ತಾಗುವುದಿಲ್ಲ" ಅಂತ ಬರೆಯಿರಿ. ಈ ಪಟ್ಟಿಯೇ ನಿಮ್ಮ ಟೆಸ್ಟ್ ರೈಡ್. ಪಟ್ಟಿ ಇಲ್ಲದೆ ಹೋದರೆ ಹೊಸ ಪೈಂಟಿನ ವಾಸನೆಗೆ ಮರುಳಾಗಿ ಬರುವುದೇ ಜಾಸ್ತಿ.

ಶೋರೂಮಿಗೂ ಹಳೆ ಬೈಕಿನಲ್ಲೇ ಹೋಗಿ, ಕಾರಿನಲ್ಲಿ ಬೇಡ. ಅದರಿಂದ ಇಳಿದ ಕೂಡಲೇ ಹೊಸದಕ್ಕೆ ಹತ್ತಿದರೆ ವ್ಯತ್ಯಾಸ ಕೈಗೆ, ಸೊಂಟಕ್ಕೆ ತಾನಾಗಿ ಗೊತ್ತಾಗುತ್ತದೆ. ಹೋಗುವ ಮುಂಚೆ ಹಳೆಯದರ ಟಯರ್ ಗಾಳಿ ಸರಿ ಮಾಡಿಸಿ, ಚೈನ್‌ಗೆ ಎಣ್ಣೆ ಬಿಡಿ. ಇಲ್ಲದಿದ್ದರೆ ಹೋಲಿಕೆ ನ್ಯಾಯವಾಗುವುದಿಲ್ಲ.

ಹಳೆಯದನ್ನೇ ರಿಪೇರಿ ಮಾಡಿಸಿದರೆ ಆಗದಾ?

ಎಷ್ಟೋ ಸಲ ಆಗುತ್ತದೆ. ಹ್ಯಾಂಡಲ್ ಅಲುಗಾಡುವುದು ಕೋನ್‌ಸೆಟ್ (ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್) ಹೋಗಿದ್ದಕ್ಕೆ ಇರಬಹುದು. ಹೊಂಡದಲ್ಲಿ ಮುಂದೆ ಧಡ್ ಅನ್ನುವುದು ಫೋರ್ಕ್ ಆಯಿಲ್, ಅಂದರೆ ಮುಂದಿನ ಸಸ್ಪೆನ್ಷನ್ನಿನ ಎಣ್ಣೆ, ಬದಲಿಸದ್ದಕ್ಕೆ. ಏರಿನಲ್ಲಿ ಎಂಜಿನ್ ಕೂಗಿದರೂ ಗಾಡಿ ಹೋಗದಿದ್ದರೆ ಕ್ಲಚ್ ಪ್ಲೇಟ್ ನೋಡಿಸಿ. ಎರಡು ಟಯರ್, ಚೈನ್ ಸೆಟ್, ಬ್ರೇಕ್ ಶೂ ಹೊಸದು ಹಾಕಿಸಿದ ಮೇಲೂ ಮನಸ್ಸು ಹೊಸದರ ಕಡೆಗೇ ಇದ್ದರೆ ಹೋಗಿ ನೋಡಿ, ತಪ್ಪಿಲ್ಲ. ಆಗಲೂ ಆ ಖರ್ಚು ದಂಡ ಆಗುವುದಿಲ್ಲ, ಮಾರುವಾಗ ಕೊಂಚವಾದರೂ ವಾಪಸ್ ಬರುತ್ತದೆ.

ಎರಡು ವಿಷಯ ಮಾತ್ರ ರಿಪೇರಿಯಿಂದ ಸರಿಯಾಗುವುದಿಲ್ಲ. ಒಂದು ಎಬಿಎಸ್, ಅಂದರೆ ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಚಕ್ರ ನಿಂತು ಜಾರದ ಹಾಗೆ ತಡೆಯುವ ವ್ಯವಸ್ಥೆ. 125 ಸಿಸಿಗಿಂತ ದೊಡ್ಡ ಬೈಕುಗಳಿಗೆ ಅದು ಕಡ್ಡಾಯ ಆದದ್ದು ಹೊಸ ಮಾಡೆಲ್‌ಗಳಿಗೆ 2018ರ ಏಪ್ರಿಲ್‌ನಿಂದ, ಉಳಿದವಕ್ಕೆ 2019ರ ಏಪ್ರಿಲ್‌ನಿಂದ. ಅದಕ್ಕೂ ಹಿಂದಿನ ಬೈಕುಗಳಲ್ಲಿ ಹೆಚ್ಚಿನವಕ್ಕೆ ಅದು ಇಲ್ಲ. ನಮ್ಮ ಮಳೆಗೆ ಇದು ಸಣ್ಣ ವಿಷಯ ಅಲ್ಲ. ಇನ್ನೊಂದು ಆರ್‌ಸಿಯ (ನೋಂದಣಿ ಪತ್ರದ) ವಯಸ್ಸು. 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೆ ನವೀಕರಣ ಮಾಡಿಸುತ್ತಾ ಹೋಗಬೇಕು. ಗಾಡಿಯ ಮೇಲೆ ಪ್ರೀತಿ ಇದ್ದವರಿಗೆ ಅದೂ ದೊಡ್ಡ ಕಷ್ಟ ಅಲ್ಲ. ಹಳೇ ಕಾಲದ ಯಮಹಾ ಆರ್‌ಎಕ್ಸ್ 100 ಇಟ್ಟುಕೊಂಡವರನ್ನು ಕೇಳಿ ನೋಡಿ.

ಯಾವ ದಾಖಲೆ ಬೇಕು?

ಗೇರ್ ಇರುವ ಮೋಟಾರ್‌ಸೈಕಲ್‌ನ ಡ್ರೈವಿಂಗ್ ಲೈಸೆನ್ಸ್. ಡಿಜಿಲಾಕರ್‌ನಲ್ಲಿ ಇದ್ದರೂ ನಡೆಯುತ್ತದೆ. ಸ್ಕೂಟರಿಗೆ ಮಾತ್ರ ಮಾಡಿಸಿದ, ಗೇರ್ ಇಲ್ಲದ ಗಾಡಿಯ ಲೈಸೆನ್ಸ್ ಬೈಕಿಗೆ ಆಗುವುದಿಲ್ಲ. ಲರ್ನರ್ಸ್ ಹಿಡಿದುಕೊಂಡು ಹೋದರೆ ಒಳ್ಳೆ ಶೋರೂಮಿನವರು ಕೀ ಕೊಡುವುದಿಲ್ಲ, ಕೊಡಲೂಬಾರದು. ಲೈಸೆನ್ಸ್ ಇಲ್ಲದೆ ಸಿಕ್ಕಿಬಿದ್ದರೆ ಕೇಂದ್ರದ ಕಾನೂನಿನಲ್ಲಿ ದಂಡ 5,000 ರೂಪಾಯಿ.

ಹೆಲ್ಮೆಟ್ ನಿಮ್ಮದೇ ಒಯ್ಯಿರಿ, ಐಎಸ್‌ಐ ಗುರುತಿನದ್ದು. ಶೋರೂಮಿನ ಹೆಲ್ಮೆಟ್ ಊರವರ ತಲೆಯೆಲ್ಲ ನೋಡಿ ಬಂದಿರುತ್ತದೆ. ಗಾತ್ರವೂ ಸರಿ ಇರುವುದಿಲ್ಲ. ಕಣ್ಣೆದುರಿನ ಗಾಜು ಗೀಚಿ ಹೋಗಿ ಏನೂ ಕಾಣುವುದಿಲ್ಲ. ಹಿಂದೆ ಕೂರುವವರಿಗೂ ಒಂದು ಬೇಕು.

ಟೆಸ್ಟ್ ರೈಡಿಗೆ ಕೊಟ್ಟ ಡೆಮೊ ಬೈಕ್ ಬಿದ್ದು ಗೀರಾದರೆ ಯಾರು ಕೊಡಬೇಕು?

ಕೀ ತಗೊಳ್ಳುವ ಮುಂಚೆ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರಲ್ಲ, ಉತ್ತರ ಅದರಲ್ಲೇ ಇರುತ್ತದೆ. ಹೆಚ್ಚಿನವರು ಓದದೆ ಸಹಿ ಹಾಕುತ್ತಾರೆ. ನೀವು ಓದಿ. "ಇನ್ಶೂರೆನ್ಸ್ ಚಾಲ್ತಿಯಲ್ಲಿ ಇದೆಯಾ, ಫುಲ್ಲಾ ಥರ್ಡ್ ಪಾರ್ಟಿ ಮಾತ್ರವಾ" ಅಂತ ಬಾಯಿ ಬಿಟ್ಟು ಕೇಳಿ. ನಂಬರ್ ಪ್ಲೇಟ್ ಇಲ್ಲದ ಗಾಡಿ ಕೊಟ್ಟರೆ ಬೇಡ ಅನ್ನಿ. ಹೊರಡುವ ಮುಂಚೆ ಬೈಕಿನ ಸುತ್ತ ಒಂದು ವಿಡಿಯೊ ಮಾಡಿಕೊಳ್ಳಿ. ಮೊದಲೇ ಇದ್ದ ಗೀರು ನಿಮ್ಮ ಲೆಕ್ಕಕ್ಕೆ ಬರಬಾರದು ಅಲ್ವಾ?

ಒಂದೇ ಸುತ್ತು ಕೊಡುತ್ತಾರೆ. ಜಾಸ್ತಿ ಹೊತ್ತು ಹೇಗೆ ಕೇಳುವುದು?

ಶನಿವಾರ ಸಂಜೆ, ಭಾನುವಾರ ಹೋದರೆ ಸಿಗುವುದು ಒಂದೇ ಸುತ್ತು. ಅವರನ್ನು ದೂರಿ ಪ್ರಯೋಜನ ಇಲ್ಲ, ಹಿಂದೆ ಕ್ಯೂ ಇರುತ್ತದೆ. ವಾರದ ನಡುವೆ ಬೆಳಿಗ್ಗೆ 11ರ ಹೊತ್ತಿಗೆ ಹೋಗಿ. ಹಿಂದಿನ ದಿನ ಫೋನ್ ಮಾಡಿ "ಈ ಮಾಡೆಲ್, ಅರ್ಧ ಗಂಟೆ ಬೇಕು, ಇಂಥ ರಸ್ತೆಯಲ್ಲಿ ಹೋಗಿ ಬರುತ್ತೇನೆ" ಅಂತ ಹೇಳಿಡಿ. ಅವರ ಹುಡುಗ ಹಿಂದೆ ಇನ್ನೊಂದು ಗಾಡಿಯಲ್ಲಿ ಬರಲಿ, ಪೆಟ್ರೋಲ್ ನಾನೇ ಹಾಕಿಸುತ್ತೇನೆ ಅನ್ನಿ. ನೂರು ರೂಪಾಯಿ ಪೆಟ್ರೋಲಿಗೆ ಮನಸ್ಸು ಕರಗುವುದನ್ನು ನೀವೇ ನೋಡುತ್ತೀರಿ. ಮನೆ ಬಾಗಿಲಿಗೆ ಬೈಕ್ ತಂದುಕೊಡುವ ಶೋರೂಮುಗಳೂ ಉಂಟು. ಅದು ಸಿಕ್ಕಿದರೆ ಎಲ್ಲಕ್ಕಿಂತ ಒಳ್ಳೆಯದು, ನಿಮ್ಮ ಮನೆಯ ಓಣಿ, ನಿಮ್ಮ ಗೇಟಿನ ಏರು ಎಲ್ಲ ಅಲ್ಲೇ ಪರೀಕ್ಷೆ ಆಗುತ್ತದೆ.

ಏನು ಹೇಳಿದರೂ ಸರ್ವೀಸ್ ರಸ್ತೆ ಬಿಟ್ಟು ಕಳಿಸುವುದಿಲ್ಲ ಅಂದರೆ ಬೇರೆ ಡೀಲರ್ ಹತ್ತಿರ ಹೋಗಿ. ಮಂಗಳೂರಿನವರು ಉಡುಪಿಗೆ, ಉಡುಪಿಯವರು ಮಂಗಳೂರಿಗೆ ಹೋಗಿ ಓಡಿಸಿ ಬಂದರೆ ಯಾರ ಗಂಟೂ ಹೋಗುವುದಿಲ್ಲ.

ವರ್ಷದಲ್ಲಿ ಯಾವಾಗ ಹೋದರೆ ಒಳ್ಳೆಯದು?

ಆಟಿ ತಿಂಗಳಲ್ಲಿ! ತಮಾಷೆ ಅಲ್ಲ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ತುಳುನಾಡಿನಲ್ಲಿ ಹೊಸ ಗಾಡಿ ಮನೆಗೆ ತರುವವರು ಕಡಿಮೆ. ಶೋರೂಮ್ ಖಾಲಿ. ಸೇಲ್ಸ್‌ನವರಿಗೆ ನಿಮ್ಮ ಜೊತೆ ಮಾತಾಡುವುದಕ್ಕೆ ಪುರುಸೊತ್ತು ಇರುತ್ತದೆ. ಆಟಿಯಲ್ಲಿ ತಗೊಳ್ಳಬೇಡಿ ಅನ್ನುವವರು ಮನೆಯಲ್ಲಿ ಇರಬಹುದು, ಓಡಿಸಿ ನೋಡಬೇಡಿ ಅಂತ ಯಾರೂ ಹೇಳಿಲ್ಲವಲ್ಲ.

ಇನ್ನೊಂದು ಲಾಭ ಮಳೆ. ನಿಮ್ಮ ಹೊಸ ಬೈಕ್ ವರ್ಷದಲ್ಲಿ ನಾಲ್ಕು ತಿಂಗಳು ಮಳೆಯಲ್ಲೇ ಓಡಬೇಕು. ಫೆಬ್ರವರಿಯ ಒಣ ರಸ್ತೆಯಲ್ಲಿ ಯಾವ ಟಯರ್ ಆದರೂ ಚೆನ್ನಾಗೇ ಹಿಡಿಯುತ್ತದೆ. ಆಟಿಯಲ್ಲಿ ಓಡಿಸಿ ತೀರ್ಮಾನ ಮಾಡಿಟ್ಟುಕೊಂಡರೆ ಚೌತಿಗೋ ಆಯುಧ ಪೂಜೆಗೋ ಡೆಲಿವರಿ ತಗೊಳ್ಳಬಹುದು. ಆಯುಧ ಪೂಜೆಯ ವಾರ ಮೊದಲ ಸಲ ಟೆಸ್ಟ್ ರೈಡ್ ಕೇಳಿಕೊಂಡು ಹೋದರೆ ನಿಮ್ಮನ್ನು ಯಾರೂ ಮಾತಾಡಿಸುವುದಿಲ್ಲ ಮಾರಾಯ್ರೆ.

ಮಂಗಳೂರಿನಲ್ಲಿ ಯಾವ ದಾರಿಯಲ್ಲಿ ಓಡಿಸಲಿ?

ಮೊದಲ ಆಯ್ಕೆ ನೀವು ದಿನಾ ಹೋಗುವ ದಾರಿ. ಅದು ಶೋರೂಮಿಗೆ ದೂರ ಆದರೆ ಮೂರು ಬಗೆಯ ರಸ್ತೆ ಬರುವ ಹಾಗೆ ನೋಡಿಕೊಳ್ಳಿ: ಏರು, ಪೇಟೆ, ಹೈವೇ.

ಏರಿಗೆ ಬಾವುಟಗುಡ್ಡೆ ಇದೆ. ಅಲ್ಲಿಂದ ಬಲ್ಮಠ, ಬೆಂದೂರ್‌ವೆಲ್, ಮಲ್ಲಿಕಟ್ಟೆ ಆಗಿ ನಂತೂರಿಗೆ ಬಂದರೆ ಪೇಟೆಯ ಟ್ರಾಫಿಕ್ ಪೂರ್ತಿ ಸಿಗುತ್ತದೆ. ಏರಿನ ಮಧ್ಯೆ ಎದುರಿನ ಸಿಟಿ ಬಸ್ ಕೈಯೂ ತೋರಿಸದೆ ನಿಲ್ಲುತ್ತದೆ. ನಿಮ್ಮ ಎಡಗಾಲು ನೆಲಕ್ಕೆ, ಬಲಗಾಲು ಹಿಂದಿನ ಬ್ರೇಕಿಗೆ. ಬಸ್ ಹೊರಟಾಗ ಅರ್ಧ ಕ್ಲಚ್ಚಿನಲ್ಲಿ ಗಾಡಿ ಹಿಂದೆ ಜಾರದೆ, ಎಂಜಿನ್ ಆಫ್ ಆಗದೆ ಎದ್ದುಕೊಂಡಿತಾ? ಮಂಗಳೂರಿಗೆ ಬೇಕಾದ ಪರೀಕ್ಷೆ ಇದು. ಯಾವ ರಿವ್ಯೂನಲ್ಲೂ ಇದು ಸಿಗುವುದಿಲ್ಲ.

ನಂತೂರಿನಿಂದ ಹೈವೇ ಹಿಡಿದು ಕೆಪಿಟಿ, ಕೊಟ್ಟಾರ ಚೌಕಿ, ಕೂಳೂರು ಸೇತುವೆ ದಾಟಿ ಪಣಂಬೂರಿನ ತನಕ ಹೋಗಿ. ಸೇತುವೆ ಮೇಲೆ ಅಡ್ಡಗಾಳಿ ಇರುತ್ತದೆ. ಬಂದರಿಗೆ ಹೋಗುವ ಲಾರಿ, ಟ್ಯಾಂಕರ್‌ಗಳು ಪಕ್ಕದಲ್ಲೇ ಸಾಗುತ್ತವೆ. ಅವುಗಳ ಗಾಳಿಗೆ ಹಗುರ ಬೈಕ್ ಎಷ್ಟು ಅಲುಗುತ್ತದೆ, ಭಾರದ್ದು ಎಷ್ಟು ಗಟ್ಟಿ ನಿಲ್ಲುತ್ತದೆ ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ದಿನಾ ಸುರತ್ಕಲ್ ಕಡೆ ಕೆಲಸಕ್ಕೆ ಹೋಗುವವರು ಈ ಭಾಗ ಬಿಡಲೇಬಾರದು.

ಪೇಟೆಯ ರಸ್ತೆಗಳು ಬಹಳಷ್ಟು ಕಾಂಕ್ರೀಟು. ಡಾಂಬರಿನಷ್ಟು ಮೆತ್ತಗಿಲ್ಲ. ಜೋಡಣೆಯ ಗೆರೆ ದಾಟುವಾಗೆಲ್ಲ ಟಕ್ ಟಕ್ ಅನ್ನುತ್ತದೆ. ಸಸ್ಪೆನ್ಷನ್ ಗಡುಸಾಗಿದ್ದರೆ ಹತ್ತು ನಿಮಿಷದಲ್ಲಿ ಸೊಂಟ ಹೇಳುತ್ತದೆ. ಕಾಂಕ್ರೀಟಿನಿಂದ ಪಕ್ಕದ ಇಂಟರ್‌ಲಾಕಿಗೆ ಇಳಿದು ಮತ್ತೆ ಹತ್ತಿ ನೋಡಿ, ನಿಧಾನವಾಗಿ.

ಉಡುಪಿಯಲ್ಲಿ?

ಕಲ್ಸಂಕದಿಂದ ಕಡಿಯಾಳಿ, ಇಂದ್ರಾಳಿ ಆಗಿ ಮಣಿಪಾಲದ ಏರು ಹತ್ತಿ, ಪರ್ಕಳದ ಕಡೆ ಇಳಿದು ವಾಪಸ್ ಬನ್ನಿ. ಟ್ರಾಫಿಕ್, ಏರು, ಇಳಿಜಾರು, ತಿರುವು ಎಲ್ಲ ಒಂದೇ ದಾರಿಯಲ್ಲಿ. ಇಳಿಯುವಾಗ ಬ್ರೇಕ್ ಮುಟ್ಟದೆ ಮೂರನೇ ಗೇರಿನಲ್ಲಿ ಬಿಟ್ಟು ನೋಡಿ, ಎಂಜಿನ್ ಎಷ್ಟು ಹಿಡಿದು ನಿಲ್ಲಿಸುತ್ತದೆ ಅಂತ ಗೊತ್ತಾಗುತ್ತದೆ. ನೇರ ರಸ್ತೆ ಬೇಕಾದರೆ ಅಂಬಲಪಾಡಿಯಿಂದ ಉದ್ಯಾವರ, ಕಟಪಾಡಿ ಕಡೆಗೆ ಹೈವೇ ಇದೆ. ಎಕ್ಸ್‌ಪ್ರೆಸ್ ಬಸ್ಸು ಹಿಂದಿನಿಂದ ಹಾರ್ನ್ ಹೊಡೆಯುತ್ತಾ ಬಂದಾಗ 60ರಿಂದ 80ಕ್ಕೆ ಗೇರ್ ಇಳಿಸದೆ ಏರುತ್ತದಾ ನೋಡಿ. ಏರದಿದ್ದರೆ ಬಸ್ಸಿಗೆ ದಾರಿ ಬಿಡಿ, ರೇಸ್ ಬೇಡ. ಸರ್ವೀಸ್ ರಸ್ತೆಯಲ್ಲಿ ಎದುರಿನಿಂದ ರಾಂಗ್ ಸೈಡ್ ಬರುವವರ ಮೇಲೂ ಕಣ್ಣಿರಲಿ.

ಓಡಿಸುವಾಗ ನಿಜಕ್ಕೂ ಏನು ಗಮನಿಸಬೇಕು?

ಎಂಜಿನ್ ಆಫ್ ಇರುವಾಗಲೇ ಶುರು ಮಾಡಿ. ಸೈಡ್ ಸ್ಟ್ಯಾಂಡ್ ತೆಗೆದು, ಸ್ವಲ್ಪ ಇಳಿಜಾರಿನಲ್ಲಿ ಬೈಕನ್ನು ಹಿಂದಕ್ಕೆ ತಳ್ಳಿ ನೋಡಿ. ಹಂಪನಕಟ್ಟೆಯಲ್ಲಿ ಪಾರ್ಕಿಂಗ್ ಮಾಡುವವರಿಗೆ ಇದು ದಿನದ ವ್ಯಾಯಾಮ. ಇಲ್ಲೇ ಸುಸ್ತಾದರೆ ಮುಂದಿನದು ನೋಡುವ ಅಗತ್ಯವೇ ಇಲ್ಲ.

ಮೊದಲ ಐದು ನಿಮಿಷದ ಅಭಿಪ್ರಾಯವನ್ನು ನಂಬಬೇಡಿ. ಹಳೆ ಬೈಕಿಗೆ ಒಗ್ಗಿದ ಕೈಗೆ ಹೊಸದು ಯಾವಾಗಲೂ ವಿಚಿತ್ರ ಅನ್ನಿಸುತ್ತದೆ. ಕ್ಲಚ್ ಎಲ್ಲಿ ಹಿಡಿಯುತ್ತದೆ, ಬ್ರೇಕ್ ಎಷ್ಟು ಒತ್ತಬೇಕು ಅಂತ ಕೈಕಾಲು ಕಲಿಯಲಿ. ಆಮೇಲೆ ಸಣ್ಣ ಸಣ್ಣ ವಿಷಯಕ್ಕೆ ಬನ್ನಿ. ಸಿಗ್ನಲಿನಲ್ಲಿ ನ್ಯೂಟ್ರಲ್ ಒಂದೇ ಸಲಕ್ಕೆ ಸಿಗುತ್ತದಾ? ಕೆಲವು ಬೈಕುಗಳಲ್ಲಿ ಒಂದರಿಂದ ಎರಡು, ಎರಡರಿಂದ ಒಂದು ಅಂತ ಕಾಲು ಆಡಿಸುವಷ್ಟರಲ್ಲಿ ಹಸಿರು ದೀಪ ಬಂದಿರುತ್ತದೆ. ನಾಲ್ಕನೇ ಗೇರಿನಲ್ಲಿ 35ಕ್ಕೆ ಇಳಿಸಿ ಮತ್ತೆ ಆಕ್ಸಿಲರೇಟರ್ ಕೊಟ್ಟರೆ ಗಾಡಿ ಕೆಮ್ಮದೆ ಎಳೆಯುತ್ತದಾ? ಕನ್ನಡಿಯಲ್ಲಿ 80ರ ವೇಗದಲ್ಲಿ ಹಿಂದಿನ ಬಸ್ಸಿನ ಬೋರ್ಡ್ ಕಾಣುತ್ತದಾ, ಅಥವಾ ನಿಮ್ಮ ಭುಜ ಮತ್ತು ಒಂದು ಮಸುಕು ಬಣ್ಣ ಮಾತ್ರವಾ?

ಕಾಲಿನ ವಿಷಯ ಬಹಳ ಜನ ಮರೆಯುತ್ತಾರೆ. ಹಳೆ ಬೈಕಿನಲ್ಲಿ ಹಿಮ್ಮಡಿ ಮತ್ತು ಬೆರಳು ಎರಡರಿಂದಲೂ ಒತ್ತುವ ಗೇರ್ ಲಿವರ್ ಇತ್ತು ಅಂದುಕೊಳ್ಳಿ. ಹೊಸದರಲ್ಲಿ ಬರೀ ಬೆರಳಿನದ್ದು ಇರಬಹುದು. ಚಪ್ಪಲಿ ಹಾಕಿ ಓಡಿಸುವ ನಮ್ಮ ಊರಿನ ಅಭ್ಯಾಸಕ್ಕೆ ಹೆಬ್ಬೆರಳು ವಾರದಲ್ಲೇ ಕೆಂಪಾಗುತ್ತದೆ. ಶೂ ಹಾಕುವುದು ಸರಿಯಾದ ದಾರಿ, ಆದರೆ ಮೀನು ಮಾರ್ಕೆಟಿಗೆ ಶೂ ಹಾಕಿ ಹೋಗುವವರು ಯಾರು ಹೇಳಿ.

ಬಿಸಿ ನೋಡಲು ಮಧ್ಯಾಹ್ನ ಹೋಗಬೇಕು. ಲಿಕ್ವಿಡ್ ಕೂಲ್ಡ್ ಬೈಕುಗಳಲ್ಲಿ ಟ್ರಾಫಿಕ್‌ನಲ್ಲಿ ಫ್ಯಾನ್ ಶುರುವಾದಾಗ ಬಿಸಿ ಗಾಳಿ ಮೊಣಕಾಲಿಗೆ ಬಡಿಯುವುದು ಉಂಟು. ಏರ್ ಕೂಲ್ಡ್ ದೊಡ್ಡ ಎಂಜಿನ್‌ಗಳೂ ತೊಡೆಗೆ ತಟ್ಟುತ್ತವೆ. ಏಪ್ರಿಲ್ ಸೆಕೆಯಲ್ಲಿ ಇದನ್ನು ಸಹಿಸಬಹುದಾ ಅಂತ ನೀವೇ ತೀರ್ಮಾನಿಸಿ. ಹೆಡ್‌ಲೈಟ್‌ಗೆ ಇದರ ಉಲ್ಟಾ, ಕತ್ತಲಾದ ಮೇಲೆ ಒಂದು ಸಲ ಕೇಳಿ ಓಡಿಸಿ. ಎಲ್‌ಇಡಿ ಅಂದ ಮಾತ್ರಕ್ಕೆ ಮಳೆಯ ರಾತ್ರಿ ರಸ್ತೆ ಕಾಣುತ್ತದೆ ಅಂತಲ್ಲ.

ಹಾರ್ನ್ ಒತ್ತಿ ನೋಡಿ. ನಮ್ಮ ಬಸ್ಸುಗಳ ಮಧ್ಯೆ ಕೆಲವು ಬೈಕುಗಳ ಹಾರ್ನ್ ಸೊಳ್ಳೆ ಸದ್ದಿನಷ್ಟೂ ಇಲ್ಲ.

ನಾನು ಕುಳ್ಳ. ಸೀಟ್ ಎತ್ತರದ ಲೆಕ್ಕ ನೋಡಿದರೆ ಸಾಕಲ್ವಾ?

ಸಾಲದು. ಸ್ಪ್ಲೆಂಡರ್‌ ಸೀಟ್ 785 ಮಿಲಿಮೀಟರ್, ರಾಯಲ್ ಎನ್‌ಫೀಲ್ಡ್‌ನ ಹಂಟರ್ 350 ಸೀಟ್ 790. ಕಾಗದದಲ್ಲಿ ಎರಡೂ ಒಂದೇ. ಆದರೆ ಸ್ಪ್ಲೆಂಡರ್ 112 ಕಿಲೊ, ಹಂಟರ್ 181. ಹೊಂಡದಲ್ಲಿ ಕಾಲು ಇಟ್ಟು ಗಾಡಿ ವಾಲಿದಾಗ ಆ 70 ಕಿಲೊ ಎಂಥದ್ದು ಅಂತ ಗೊತ್ತಾಗುತ್ತದೆ. ಕ್ಲಾಸಿಕ್ 350 ಸೀಟ್ 805, ತೂಕ 195. ಮೀಟಿಯರ್ 350 ಸೀಟ್ 765 ಮಾತ್ರ, ಆದ್ದರಿಂದ ಎತ್ತರ ಕಡಿಮೆ ಇರುವವರಿಗೆ ಧೈರ್ಯ ಬರುತ್ತದೆ. ಆದರೆ ಅದರಲ್ಲಿ ಕಾಲು ಮುಂದೆ ಚಾಚಿ ಕೂರಬೇಕು, ಹೊಂಡದ ಪೆಟ್ಟು ನೇರ ಬೆನ್ನಿಗೆ. ಹಂಟರ್, ಕ್ಲಾಸಿಕ್, ಮೀಟಿಯರ್ ಈ ಮೂರಕ್ಕೂ ಎಂಜಿನ್ ಒಂದೇ, 349 ಸಿಸಿಯದ್ದು. ಓಡಿಸಿದರೆ ಮೂರು ಬೇರೆ ಬೇರೆ ಬೈಕ್. ಟೆಸ್ಟ್ ರೈಡ್ ಯಾಕೆ ಬೇಕು ಅನ್ನುವವರಿಗೆ ನಾನು ಈ ಮೂರನ್ನು ಒಂದೇ ದಿನ ಓಡಿಸಲು ಹೇಳುತ್ತೇನೆ.

ಎತ್ತರದ ಬೈಕುಗಳಾದ ಹಿಮಾಲಯನ್ 450, ಎಕ್ಸ್‌ಪಲ್ಸ್ 200 4ವಿ ಇವೆರಡರ ಸೀಟೂ 825ರಿಂದ ಶುರು. ಸೀಟಿನ ಅಗಲವೂ ಲೆಕ್ಕಕ್ಕೆ ಬರುತ್ತದೆ, ಮುಂದೆ ಕಿರಿದಾಗಿದ್ದರೆ ಕಾಲು ನೆಲಕ್ಕೆ ಬೇಗ ತಾಗುತ್ತದೆ. ಎರಡೂ ಪಾದ ಪೂರ್ತಿ ಊರಲೇಬೇಕು ಅಂತಿಲ್ಲ. ಒಂದು ಪಾದ ಗಟ್ಟಿಯಾಗಿ, ರಸ್ತೆ ಎಡಕ್ಕೆ ಇಳಿಜಾರಾಗಿರುವಲ್ಲೂ, ಊರಬೇಕು. ಮಣ್ಣಿನ ಅಂಚಿನಲ್ಲಿ ನಿಲ್ಲಿಸಿ ನೋಡಿ.

ಹಿಂದೆ ಕೂರುವವರನ್ನು ಕರೆದುಕೊಂಡು ಹೋಗಬೇಕಾ?

ಹೌದು. ಹೋಗದಿದ್ದರೆ ಬೈಕ್ ಬಂದ ಮೇಲೆ ವರ್ಷಗಟ್ಟಲೆ ಅದರ ಬಗ್ಗೆ ಕೇಳಬೇಕಾಗುತ್ತದೆ. ಹಿಂದಿನ ಸೀಟು ಎತ್ತರದಲ್ಲಿ, ಚಿಕ್ಕದಾಗಿ, ಹಿಡಿಯಲು ಏನೂ ಇಲ್ಲದ ಹಾಗೆ ಮಾಡಿದ ಬೈಕುಗಳು ಈಗ ಜಾಸ್ತಿ. ಸೀರೆ ಉಟ್ಟು ಒಂದೇ ಬದಿ ಕಾಲು ಹಾಕಿ ಕೂರುವವರು ಮನೆಯಲ್ಲಿ ಇದ್ದರೆ ಅವರೇ ಕೂತು ನೋಡಲಿ. ಕಾಲಿಡುವ ಜಾಗ, ಹಿಡಿಕೆ, ಚಕ್ರಕ್ಕೆ ಸೆರಗು ಸಿಗದ ಹಾಗೆ ಅಡ್ಡ ಇರುವ ಗಾರ್ಡ್ ಈ ಮೂರೂ ಕೇಂದ್ರ ಮೋಟಾರು ವಾಹನ ನಿಯಮ 123ರ ಪ್ರಕಾರ ಇರಲೇಬೇಕು. ಅಂದಕ್ಕೆ ಅಂತ ಸೀರೆ ಗಾರ್ಡ್ ಬಿಚ್ಚಿಸುವವರನ್ನು ನೋಡಿದ್ದೇನೆ, ಅದು ತಪ್ಪು.

ಹಿಂದೆ ಒಬ್ಬರು ಕೂತಾಗ ಬ್ರೇಕ್, ಏರು, ತಿರುವು ಎಲ್ಲ ಬದಲಾಗುತ್ತದೆ. ಒಬ್ಬರೇ ಓಡಿಸುವಾಗ ಬೆಣ್ಣೆಯಂತಿದ್ದ ಗಾಡಿ ಇಬ್ಬರಾದಾಗ ಹಂಪಿನಲ್ಲಿ ಕೆಳಗೆ ಉಜ್ಜುವುದೂ ಉಂಟು.

ಮಳೆಯಲ್ಲಿ ಎಬಿಎಸ್ ಪರೀಕ್ಷೆ ಮಾಡಬಹುದಾ?

ಒಣಗಿದ, ಖಾಲಿ, ನೇರ ರಸ್ತೆಯಲ್ಲಿ 40ರ ವೇಗದಲ್ಲಿ ಮೊದಲು ಮಾಡಿ. ಹಿಂದೆ ಯಾರೂ ಬರುತ್ತಿಲ್ಲ ಅಂತ ನೋಡಿಕೊಂಡು ಹಿಂದಿನ ಬ್ರೇಕನ್ನು ಗಟ್ಟಿಯಾಗಿ ಒತ್ತಿ. ಪೆಡಲ್ ಕಾಲಿನ ಕೆಳಗೆ ದಡದಡ ಅಂದರೆ ಹಿಂದಿನ ಚಕ್ರಕ್ಕೂ ಎಬಿಎಸ್ ಉಂಟು. ಚಕ್ರ ನಿಂತು ಜಾರಿದರೆ ಅದು ಸಿಂಗಲ್ ಚಾನೆಲ್, ಎಬಿಎಸ್ ಮುಂದಿನ ಚಕ್ರಕ್ಕೆ ಮಾತ್ರ. ಇದನ್ನು ಸೇಲ್ಸ್‌ನವರನ್ನು ಕೇಳಿಯೂ ತಿಳಿಯಬಹುದು, ಆದರೆ ಕಾಲಿಗೆ ಗೊತ್ತಾಗುವುದು ಬೇರೆ. 125 ಸಿಸಿವರೆಗಿನ ಗಾಡಿಗಳಲ್ಲಿ ಹೆಚ್ಚಾಗಿ ಇರುವುದು ಸಿಬಿಎಸ್, ಒಂದು ಬ್ರೇಕ್ ಒತ್ತಿದರೆ ಎರಡೂ ಚಕ್ರಕ್ಕೆ ಹಿಡಿಯುವಂಥದ್ದು. ಅದು ಚಕ್ರ ಜಾರುವುದನ್ನು ತಡೆಯುವುದಿಲ್ಲ.

ಒದ್ದೆ ರಸ್ತೆಯಲ್ಲಿ ಹಠಾತ್ ಬ್ರೇಕ್ ಹಾಕಿ ನೋಡುವ ಸಾಹಸ ಬೇಡ. ಅದರಲ್ಲೂ ಜೀಬ್ರಾ ಕ್ರಾಸಿಂಗಿನ ಬಿಳಿ ಬಣ್ಣ, ಪಾಚಿ ಹಿಡಿದ ಇಂಟರ್‌ಲಾಕ್, ಸೇತುವೆಯ ಕಬ್ಬಿಣದ ಜೋಡಣೆ ಇವುಗಳ ಮೇಲೆ. ಮಳೆಯಲ್ಲಿ ನೋಡಬೇಕಾದದ್ದು ಬೇರೆ: ಮುಂದಿನ ಮಡ್‌ಗಾರ್ಡ್ ಕೆಸರನ್ನು ಎಂಜಿನ್ ಮೇಲೆ ಎರಚುತ್ತದಾ, ಹಿಂದಿನ ಚಕ್ರದ ನೀರು ಬೆನ್ನಿಗೆ ಹಾರುತ್ತದಾ, ಮೀಟರ್ ಗಾಜಿನ ಒಳಗೆ ಹಬೆ ಕಟ್ಟುತ್ತದಾ. ಸಣ್ಣ ಬಾಲದ, ಸ್ಟೈಲಿನ ಬೈಕುಗಳು ಬೆನ್ನಿಗೆ ಕೆಸರಿನ ಗೆರೆ ಎಳೆಯುವುದರಲ್ಲಿ ನಿಸ್ಸೀಮರು.

ಉಪ್ಪು ಗಾಳಿಗೆ ತುಕ್ಕು ಹಿಡಿಯುವುದನ್ನು ಮೊದಲೇ ತಿಳಿಯಲು ಆಗುತ್ತದಾ?

ಆಗುತ್ತದೆ, ಡೆಮೊ ಬೈಕೇ ಹೇಳುತ್ತದೆ. ಹೊಸದನ್ನು ಎಸಿ ರೂಮಿನಲ್ಲಿ ಇಟ್ಟಿರುತ್ತಾರೆ, ಡೆಮೊವನ್ನು ಹೊರಗೆ. ಒಂದು ಮಳೆಗಾಲ ಹೊರಗೆ ಕಳೆದ ಡೆಮೊ ಬೈಕಿನ ಎದುರು ಕುಕ್ಕರಗಾಲಿನಲ್ಲಿ ಕೂತು ಎಂಜಿನ್‌ನಿಂದ ಸೈಲೆನ್ಸರಿಗೆ ಹೋಗುವ ಪೈಪ್, ಸ್ಪೋಕ್ಸ್, ಹ್ಯಾಂಡಲ್‌ನ ಬೋಲ್ಟ್, ಸ್ಟ್ಯಾಂಡಿನ ಸ್ಪ್ರಿಂಗ್ ನೋಡಿ. ನಿಮ್ಮ ಬೈಕ್ ವರ್ಷದ ನಂತರ ಹೇಗಿರುತ್ತದೆ ಅನ್ನುವುದು ಅಲ್ಲಿದೆ. ಮಲ್ಪೆ, ಉಳ್ಳಾಲ, ಪಣಂಬೂರು ಹೀಗೆ ಕಡಲಿಗೆ ಹತ್ತಿರ ಇರುವವರು ಇನ್ನೂ ಜಾಸ್ತಿ ಗಮನ ಕೊಡಿ. ಸ್ಪೋಕ್ ಚಕ್ರದ ಬೈಕುಗಳಲ್ಲಿ ಹೆಚ್ಚಿನವಕ್ಕೆ ಟ್ಯೂಬ್ ಇರುತ್ತದೆ ಅನ್ನುವುದೂ ನೆನಪಿರಲಿ. ಚಾರ್ಮಾಡಿ ಘಾಟಿಯ ಮಧ್ಯೆ ಪಂಕ್ಚರ್ ಆದರೆ ಟ್ಯೂಬ್‌ಲೆಸ್‌ನ ಬೆಲೆ ಗೊತ್ತಾಗುತ್ತದೆ.

ಘಾಟಿಯಲ್ಲಿ ಓಡಿಸಿ ನೋಡಬೇಕು. ಡೆಮೊ ಬೈಕ್ ಕೊಡುತ್ತಾರಾ?

ಆಗುಂಬೆಗೆ, ಶಿರಾಡಿಗೆ ಡೆಮೊ ಬೈಕ್ ಕೊಡುವವರು ಸಿಗುವುದು ಕಷ್ಟ. ಅದೇ ಮಾಡೆಲ್ ಬಾಡಿಗೆಗೆ ಸಿಗುತ್ತದಾ ನೋಡಿ, ಮಣಿಪಾಲದಂಥ ಕಡೆ ಬಾಡಿಗೆ ಬೈಕಿನವರು ಇದ್ದಾರೆ. ಕಪ್ಪು ಪ್ಲೇಟಿನಲ್ಲಿ ಹಳದಿ ಅಕ್ಷರ ಇದ್ದರೆ ಅದು ಕಾನೂನಿನ ಪ್ರಕಾರ ಬಾಡಿಗೆ ಗಾಡಿ. ಒಂದು ದಿನದ ಬಾಡಿಗೆ ಕೊಟ್ಟು ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆಯ 14 ಹೇರ್‌ಪಿನ್ ತಿರುವು ಹತ್ತಿ ಇಳಿದು ಬಂದರೆ, ಎರಡು ಲಕ್ಷದ ತೀರ್ಮಾನಕ್ಕೆ ಅದು ದೊಡ್ಡ ಖರ್ಚಲ್ಲ. ಅದೇ ಬೈಕ್ ಇರುವ ಗೆಳೆಯ ಇದ್ದರೆ ಇನ್ನೂ ಒಳ್ಳೆಯದು. ಆದರೆ ಗೆಳೆಯ ತನ್ನ ಬೈಕನ್ನು ಬೈಯುವುದಿಲ್ಲ, ಅವನ ಮೆಕ್ಯಾನಿಕ್‌ನನ್ನು ಕೇಳಿ.

ಒಂದೇ ದಿನ ಎಷ್ಟು ಬೈಕ್ ಓಡಿಸಬಹುದು?

ಎರಡು, ಹೆಚ್ಚೆಂದರೆ ಮೂರು. ಆಮೇಲೆ ಎಲ್ಲ ಕಲಸಿಹೋಗುತ್ತದೆ. ಇಷ್ಟವಾದದ್ದನ್ನು ಇನ್ನೊಂದು ದಿನ ಮತ್ತೆ ಓಡಿಸಿ, ಮೊದಲ ದಿನದ ಉಮೇದು ಇಳಿದ ಮೇಲೆ.

350 ಸಿಸಿಗಿಂತ ದೊಡ್ಡದನ್ನೂ ನೋಡಬೇಕಾ?

ಓಡಿಸಿ ನೋಡಲು ದುಡ್ಡು ಕೊಡಬೇಕಾಗಿಲ್ಲ, ನೋಡಿ. ತಗೊಳ್ಳುವಾಗ ಮಾತ್ರ ತೆರಿಗೆಯ ಗೆರೆ ನೆನಪಿರಲಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡದಕ್ಕೆ ಸೆಸ್ ಸೇರಿ 31 ಇದ್ದದ್ದು 40ಕ್ಕೆ ಏರಿತು. 349 ಸಿಸಿಯ ಬೈಕಿಗೂ 400ರ ಬೈಕಿಗೂ ಮಧ್ಯೆ ಅಂತರ ದೊಡ್ಡದಾಯಿತು. ಅದಕ್ಕೂ ಹಿಂದಿನ ವಿಡಿಯೊಗಳಲ್ಲಿ ಹೇಳಿದ ರೇಟು ಈಗ ಲೆಕ್ಕಕ್ಕಿಲ್ಲ.

ನಮ್ಮ ರಸ್ತೆಗೆ 40 ಕುದುರೆ ಶಕ್ತಿ ಬೇಕಾ ಅಂತ ಕೇಳಿದರೆ, ದಿನಾ ಪಂಪ್‌ವೆಲ್‌ನಿಂದ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನ ಕಡೆಗೆ ಹೋಗುವವರಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ತಿಂಗಳಿಗೊಮ್ಮೆ ಘಾಟಿ ಹತ್ತಿ ಬೆಂಗಳೂರಿಗೆ ಹೋಗುವವರ ಮಾತು ಬೇರೆ.

ಮೈಲೇಜ್ ಟೆಸ್ಟ್ ರೈಡಿನಲ್ಲಿ ಗೊತ್ತಾಗುತ್ತದಾ?

ಇಲ್ಲ. ಡೆಮೊ ಬೈಕನ್ನು ದಿನವಿಡೀ ಹತ್ತು ಜನ ಹತ್ತು ರೀತಿ ತಿರುಚಿರುತ್ತಾರೆ, ಅದರ ಮೀಟರಿನ ಸರಾಸರಿಯನ್ನು ನಂಬಬೇಡಿ. ಪೆಟ್ರೋಲಿನಲ್ಲಿ ಶೇ. 20 ಎಥೆನಾಲ್ ಬಂದ ಮೇಲೆ ಹಳೆ ಲೆಕ್ಕವೂ ಸ್ವಲ್ಪ ಕೆಳಗಿಳಿದಿದೆ, ಎಥೆನಾಲ್‌ನಲ್ಲಿ ಪೆಟ್ರೋಲಿನಷ್ಟು ಶಕ್ತಿ ಇಲ್ಲ. ಅದೇ ಮಾಡೆಲ್ ಓಡಿಸುವ ಡೆಲಿವರಿ ಹುಡುಗರನ್ನು ಕೇಳಿ, ಅವರದ್ದು ಪಕ್ಕಾ ಲೆಕ್ಕ.

ಓಡಿಸಿ ಬಂದ ಕೂಡಲೇ ಬುಕ್ ಮಾಡಿ ಅಂತ ಒತ್ತಾಯ ಮಾಡುತ್ತಾರೆ. ಏನು ಮಾಡಲಿ?

"ಇವತ್ತು ಬುಕ್ ಮಾಡಿದರೆ ಮಾತ್ರ ಈ ಆಫರ್" ಅನ್ನುವುದು ಎಲ್ಲ ಶೋರೂಮಿನ ಮಂತ್ರ. ಆನ್‌ರೋಡ್ ರೇಟನ್ನು ಬಿಡಿಬಿಡಿಯಾಗಿ ಬರೆಸಿಕೊಂಡು ಮನೆಗೆ ಬನ್ನಿ. ಎಕ್ಸ್ ಶೋರೂಮ್, ಟ್ಯಾಕ್ಸ್, ಇನ್ಶೂರೆನ್ಸ್, ಆಮೇಲೆ ನೀವು ಕೇಳದೆಯೇ ಸೇರಿಸಿದ ಆಕ್ಸೆಸರಿ ಎಲ್ಲ ಪ್ರತ್ಯೇಕ ಇರಲಿ. ಇನ್ಶೂರೆನ್ಸ್ ಅವರಲ್ಲೇ ಮಾಡಿಸಬೇಕು ಅಂತಿಲ್ಲ. ಮರಳುವ ದಾರಿಯಲ್ಲಿ ಅವರ ಸರ್ವೀಸ್ ಸೆಂಟರಿಗೆ ಹೋಗಿ ಹೊರಗೆ ಹತ್ತು ನಿಮಿಷ ನಿಲ್ಲಿ. ಗಾಡಿ ಬಿಟ್ಟುಹೋದವರು ಕೌಂಟರಿನಲ್ಲಿ ಹೇಗೆ ಮಾತಾಡುತ್ತಾರೆ ಅಂತ ಕೇಳಿಸಿಕೊಂಡರೆ ಬೇಕಾದಷ್ಟು ಮಾಹಿತಿ ಸಿಗುತ್ತದೆ.

ಹಳೆ ಬೈಕ್ ಎಕ್ಸ್‌ಚೇಂಜ್ ಕೊಡುವುದಾ, ಹೊರಗೆ ಮಾರುವುದಾ?

ಹೊರಗೆ ಮಾರಿದರೆ ಸಾಮಾನ್ಯವಾಗಿ ಜಾಸ್ತಿ ಸಿಗುತ್ತದೆ, ಓಡಾಟವೂ ಜಾಸ್ತಿ. ಎರಡರಲ್ಲಿ ಯಾವುದಾದರೂ ಆರ್‌ಸಿ ವರ್ಗಾವಣೆ ಆಗುವ ತನಕ ಬಿಡಬೇಡಿ. ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿ ಕೊಟ್ಟು ಮರೆತರೆ ದಾಖಲೆಯಲ್ಲಿ ಮಾಲೀಕರು ನೀವೇ. ಆ ಗಾಡಿ ಎಲ್ಲಾದರೂ ಅಪಘಾತ ಮಾಡಿದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರು ಇದ್ದವರದ್ದು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಮೊದಲು ಫಾರಂ 35 ಕೊಟ್ಟು ತೆಗೆಸಿ.

ನೋ ಕ್ಲೇಮ್ ಬೋನಸ್ ಕೇಳಲು ಮರೆಯಬೇಡಿ. ಅದು ಗಾಡಿಯದ್ದಲ್ಲ, ನಿಮ್ಮದು. ಐದು ವರ್ಷ ಕ್ಲೇಮ್ ಮಾಡದಿದ್ದರೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ. 50ರ ತನಕ ರಿಯಾಯಿತಿ. ಹಳೆ ಗಾಡಿ ಮಾರುವಾಗ ಇನ್ಶೂರೆನ್ಸ್ ಕಂಪನಿಯಿಂದ ಪತ್ರ ತಗೊಂಡರೆ ಹೊಸ ಬೈಕಿಗೆ ಹಾಕಿಸಬಹುದು.

ಡೆಲಿವರಿಗೆ ಬಂದ ಬೈಕ್ ಡೆಮೊದಂತೆ ಅನ್ನಿಸದಿದ್ದರೆ?

ಸ್ವಲ್ಪ ವ್ಯತ್ಯಾಸ ಸಹಜ. ಡೆಮೊ ಸಾವಿರಾರು ಕಿಲೋಮೀಟರ್ ಓಡಿ ಸಡಿಲ ಆಗಿರುತ್ತದೆ, ಹೊಸದರ ಗೇರ್ ಗಡುಸು ಇರುತ್ತದೆ. ಮೊದಲ ಸರ್ವೀಸ್ ಆದ ಮೇಲೆ ಹೆಚ್ಚಿನವು ಸರಿಯಾಗುತ್ತವೆ. ಟಯರ್ ಗಾಳಿಯನ್ನು ಮಾತ್ರ ಮೊದಲ ದಿನವೇ ಬೇರೆ ಕಡೆ ನೋಡಿಸಿ. ಆರ್‌ಟಿಒ ನೋಂದಣಿಗೆ ಕಳಿಸುವ ಮುಂಚೆ ಚೇಸಿಸ್ ನಂಬರ್ ಕೇಳಿ, ಗಾಡಿಯನ್ನು ನೀವೇ ಹೋಗಿ ನೋಡಿ. ಡೀಲರ್ ಕೊಡುವ ಮಾರಾಟ ಪತ್ರ, ಫಾರಂ 21ರಲ್ಲಿ ತಯಾರಾದ ತಿಂಗಳು, ವರ್ಷ ಇರುತ್ತದೆ. ಗೋಡೌನಿನಲ್ಲಿ ಒಂದು ಮಳೆಗಾಲ ಕಳೆದ ಗಾಡಿಯನ್ನು ಹೊಸ ರೇಟಿಗೆ ಕೊಡುತ್ತಿದ್ದರೆ ಬೇರೆ ಕೊಡಿ ಅನ್ನಿ, ಇಲ್ಲವೇ ರೇಟು ಇಳಿಸಲು ಹೇಳಿ. ನಂಬರ್ ಬಿದ್ದ ಮೇಲೆ ಈ ಮಾತು ಆಡಿ ಪ್ರಯೋಜನ ಇಲ್ಲ.